ಉದ್ಘಾಟನೆಯ ಮರುದಿನ ಬರುವ ನೋಡುಗರ ಪರವಾಗಿ: ಭಾವಚಿತ್ರ ಗ್ಯಾಲರಿಗಳ ಆಡಳಿತದವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಕರ್ನಾಟಕದಲ್ಲಿ ಭಾವಚಿತ್ರ ಸಂಗ್ರಹಗಳನ್ನು ನೋಡಿಕೊಳ್ಳುತ್ತಿರುವ ಗ್ಯಾಲರಿಗಳ ನಿರ್ದೇಶಕರು, ಕ್ಯುರೇಟರುಗಳು, ಆಡಳಿತ ಮಂಡಳಿಗಳ ಸದಸ್ಯರು ಮತ್ತು ಸಂಬಂಧಪಟ್ಟ ಇಲಾಖೆಗಳ ಅಧಿಕಾರಿಗಳಿಗೆ

ವಿಷಯ: ಭಾವಚಿತ್ರ ಪ್ರದರ್ಶನಗಳ ಬೆಳಕು, ಶೀರ್ಷಿಕೆ ಪಟ್ಟಿ, ಸಂರಕ್ಷಣೆ ಹಾಗೂ ಸಾರ್ವಜನಿಕ ಕಾರ್ಯಕ್ರಮಗಳನ್ನು ಸರಿಪಡಿಸುವ ಬಗ್ಗೆ ಮನವಿ

ಮಾನ್ಯರೇ,

ಭಾವಚಿತ್ರ ಬರೆಯುವವರು, ಅವಕ್ಕೆ ಚೌಕಟ್ಟು ಕಟ್ಟುವವರು, ಗೋಡೆಗೆ ಏರಿಸುವವರು ಮತ್ತು ಶಾಲೆಗಳಲ್ಲಿ ಚಿತ್ರಕಲೆ ಕಲಿಸುವವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಯಾವ ಗ್ಯಾಲರಿಯ ಹೆಸರನ್ನೂ ದೂರಿಗಾಗಿ ಇಲ್ಲಿ ಎತ್ತಿಲ್ಲ. ಹೆಸರು ಹೇಳಿದರೆ ಆ ಒಂದು ಕಡೆ ನಾಲ್ಕು ದಿನ ಗದ್ದಲವಾಗುತ್ತದೆ, ಉಳಿದೆಡೆ ಎಲ್ಲವೂ ಮೊದಲಿನಂತೆಯೇ ನಡೆಯುತ್ತದೆ. ಕೆಳಗೆ ಬರೆದಿರುವ ಸಂಗತಿಗಳು ಒಂದಲ್ಲ ಒಂದು ಪ್ರಮಾಣದಲ್ಲಿ ಹಲವು ಕಡೆ ಕಾಣುವಂಥವು. ನಿಮ್ಮ ಸಭಾಂಗಣದಲ್ಲಿ ಒಂದು ಸುತ್ತು ಹಾಕಿ ಬಂದರೆ ನಿಮಗೂ ಕಾಣುತ್ತವೆ.

ನಮ್ಮ ದೂರಿನ ಮೂಲ ಒಂದೇ. ಪ್ರದರ್ಶನಕ್ಕೆಂದು ಇಟ್ಟ ಹಣ ಮತ್ತು ಶ್ರಮದ ಬಹುಪಾಲು ಉದ್ಘಾಟನೆಯ ಎರಡು ಗಂಟೆಗಳಿಗೆ ಹೋಗುತ್ತಿದೆ. ವೇದಿಕೆ, ಹೂವಿನ ಅಲಂಕಾರ, ಬಣ್ಣದ ಆಹ್ವಾನ ಪತ್ರಿಕೆ, ಶಾಲು, ನೆನಪಿನ ಕಾಣಿಕೆ, ಅತಿಥಿಗಳ ಊಟ ಎಲ್ಲಕ್ಕೂ ಲೆಕ್ಕದಲ್ಲಿ ಜಾಗವಿರುತ್ತದೆ. ದೀಪದ ಕೋನ ಸರಿಪಡಿಸಲು, ಕನ್ನಡದಲ್ಲಿ ನಾಲ್ಕು ಸಾಲು ಬರೆಸಲು, ಮರುದಿನ ಬರುವ ಶಾಲಾ ಮಕ್ಕಳಿಗೆ ವಿವರಿಸುವ ಒಬ್ಬರನ್ನು ನೇಮಿಸಲು ಮಾತ್ರ ಅನುದಾನ ಇರುವುದಿಲ್ಲ. ಅತಿಥಿಗಳು ಹೊರಟ ಮೇಲೆ ಎ.ಸಿ. ಆರುತ್ತದೆ, ಅರ್ಧ ದೀಪಗಳು ಆರುತ್ತವೆ. ಉಳಿದ ತಿಂಗಳಿಡೀ ಟಿಕೆಟ್ ಕೊಂಡು ಬರುವ ಜನ ನೋಡುವುದು ಆ ಅರೆಗತ್ತಲೆಯ ಪ್ರದರ್ಶನವನ್ನು.

ಭಾವಚಿತ್ರಕ್ಕೆ ಈ ಅಸಡ್ಡೆ ಬೇರೆಲ್ಲ ಚಿತ್ರಗಳಿಗಿಂತ ಹೆಚ್ಚು ಹಾನಿ ಮಾಡುತ್ತದೆ. ಭೂದೃಶ್ಯದ ಮೇಲೆ ಎಲ್ಲೋ ಒಂದು ಮೂಲೆಯಲ್ಲಿ ದೀಪ ಪ್ರತಿಫಲಿಸಿದರೆ ಕಣ್ಣು ಪಕ್ಕಕ್ಕೆ ಸರಿದು ಉಳಿದದ್ದನ್ನು ನೋಡುತ್ತದೆ. ಆಳೆತ್ತರದ ಭಾವಚಿತ್ರದಲ್ಲಿ ಮುಖವಿರುವುದು ಮೇಲಿನ ಮೂರನೇ ಒಂದು ಭಾಗದಲ್ಲಿ, ಛಾವಣಿಯ ದೀಪ ಮೊದಲು ಬೀಳುವುದೂ ಅಲ್ಲೇ. ವಾರ್ನಿಶ್ ಹಚ್ಚಿದ ಕ್ಯಾನ್ವಾಸಿನ ಮೇಲೆ, ಅದಕ್ಕೂ ಮಿಗಿಲಾಗಿ ಗಾಜಿನ ಮೇಲೆ, ಟ್ಯೂಬ್‌ಲೈಟಿನ ಬಿಳಿ ಗೆರೆ ನೇರವಾಗಿ ಹಣೆ ಮತ್ತು ಕಣ್ಣಿನ ಮೇಲೆ ಕೂರುತ್ತದೆ. ಕಲಾವಿದ ವಾರಗಟ್ಟಲೆ ದುಡಿದು ಕೂಡಿಸಿದ ಕಣ್ಣಂಚಿನ ಮೃದು ನೆರಳು ಯಾರಿಗೂ ಕಾಣುವುದಿಲ್ಲ.

ಸರಿಪಡಿಸುವುದು ಕಷ್ಟವಲ್ಲ. ದೀಪ ನೇರ ಕೆಳಗೆ ಬೀಳುವ ಲಂಬ ಗೆರೆಯಿಂದ ಸುಮಾರು 30 ಡಿಗ್ರಿ ಓರೆಯಾಗಿ ಚಿತ್ರದ ನಡುಭಾಗಕ್ಕೆ ಬೀಳಬೇಕು. ಛಾವಣಿ 12 ಅಡಿ ಎತ್ತರವಿದ್ದು ಚಿತ್ರದ ನಡುಭಾಗ ನೆಲದಿಂದ 5 ಅಡಿಗೆ ಬಂದರೆ, ದೀಪದ ಪಟ್ಟಿ ಗೋಡೆಯಿಂದ ಸುಮಾರು 4 ಅಡಿ ಮುಂದೆ ಇರಬೇಕು. ಅದು ಗೋಡೆಗೆ ತೀರಾ ಹತ್ತಿರ ಬಂದರೆ ದಪ್ಪ ಚೌಕಟ್ಟಿನ ನೆರಳು ಪೇಟದ ಮೇಲೆ, ಹಣೆಯ ಮೇಲೆ ಬೀಳುತ್ತದೆ. ತೀರಾ ದೂರ ಹೋದರೆ ನೋಡುಗರ ನೆರಳೇ ಚಿತ್ರದ ಮೇಲೆ ಬೀಳುತ್ತದೆ. ಹಳೆಯ ಸಭಾಂಗಣಗಳಲ್ಲಿ ದೊಡ್ಡ ಚಿತ್ರಗಳನ್ನು ಮೇಲ್ಭಾಗ ತುಸು ಮುಂದಕ್ಕೆ ವಾಲಿಸಿ ಸರಪಳಿಯಲ್ಲಿ ತೂಗುಹಾಕುತ್ತಿದ್ದರು. ಹೊಳಪು ಕೆಳಕ್ಕೆ ಜಾರಿಹೋಗುವಂತೆ ಮಾಡುವ ಜಾಣ ಉಪಾಯವದು. ನವೀಕರಣದ ಹೆಸರಿನಲ್ಲಿ ಅಂಥ ಚಿತ್ರಗಳನ್ನು ಗೋಡೆಗೆ ಚಪ್ಪಟೆಯಾಗಿ ಒರಗಿಸಿದ ಕಡೆಯಲ್ಲೆಲ್ಲ ಹೊಳಪಿನ ತೊಂದರೆ ಹುಟ್ಟಿಕೊಂಡಿದೆ.

ಬಲ್ಬಿನ ಗುಣವೂ ಮುಖ್ಯ. ಅಗ್ಗದ ಎಲ್‌ಇಡಿಗಳಲ್ಲಿ ಕೆಂಪು ಕಿರಣಗಳು ಕಡಿಮೆ. ನಮ್ಮ ಮೈಬಣ್ಣವನ್ನು ಬರೆಯುವಾಗ ಕಲಾವಿದರು ಕಾವಿ, ಸಿಂಧೂರ, ಗೇರು ಬಣ್ಣಗಳನ್ನು ತೆಳುವಾಗಿ ಒಂದರ ಮೇಲೊಂದು ಹಚ್ಚಿರುತ್ತಾರೆ. ಕೆಂಪಿಲ್ಲದ ಬೆಳಕಿನಲ್ಲಿ ಆ ಮುಖಗಳು ಬೂದಿ ಬಳಿದಂತೆ, ಕೆಲವೊಮ್ಮೆ ಹಸಿರು ತಿರುಗಿದಂತೆ ಕಾಣುತ್ತವೆ. ಪೆಟ್ಟಿಗೆಯ ಮೇಲೆ ಸಿ.ಆರ್.ಐ. (ದೀಪವು ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬ ಅಂಕ) 90ಕ್ಕಿಂತ ಹೆಚ್ಚು ಎಂದಿರುವ, 3000 ಕೆಲ್ವಿನ್ ಆಸುಪಾಸಿನ, ಅಂದರೆ ತುಸು ಹಳದಿ ಛಾಯೆಯ ದೀಪವನ್ನೇ ಕೇಳಿ ತರಿಸಬೇಕು. ಟೆಂಡರಿನಲ್ಲಿ ವ್ಯಾಟ್ ಮಾತ್ರ ಬರೆದರೆ ಗುತ್ತಿಗೆದಾರರು ಅಂಗಡಿಯ ಬಿಳಿ ದೀಪವನ್ನೇ ತಂದುಕೊಡುತ್ತಾರೆ, ಅದರಲ್ಲಿ ಅವರದೇನೂ ತಪ್ಪಿಲ್ಲ.

ಬೆಳಕು ಹೆಚ್ಚಾದರೂ ಕೇಡು. ಮೇಲ್ಮೈಗೆ ಬೀಳುವ ಬೆಳಕನ್ನು ಅಳೆಯುವ ಮಾನ ಲಕ್ಸ್; ಎಣ್ಣೆ ಬಣ್ಣಕ್ಕೆ 150ರಿಂದ 200 ಲಕ್ಸ್ ಸಾಕು. ಜಲವರ್ಣ, ಪೆನ್ಸಿಲ್ ಚಿತ್ರ, ಕೈಯಿಂದ ಬಣ್ಣ ತುಂಬಿದ ಹಳೆಯ ಫೋಟೊಗಳಿಗೆ 50 ಲಕ್ಸ್ ಮೀರಬಾರದು. ಈ ಮಿತಿಯಲ್ಲಿ ದಿನಕ್ಕೆ 8 ಗಂಟೆಯಂತೆ 300 ದಿನ ತೆರೆದಿಟ್ಟರೆ ಒಂದು ಜಲವರ್ಣ ವರ್ಷಕ್ಕೆ 1,20,000 ಲಕ್ಸ್-ಗಂಟೆಗಳ ಬೆಳಕು ಕುಡಿಯುತ್ತದೆ. ಅದೇ ಚಿತ್ರವನ್ನು 2,000 ಲಕ್ಸ್ ಬೀಳುವ ಕಿಟಕಿಯ ಪಕ್ಕ ತೂಗಿದರೆ ಅಷ್ಟೇ ಬೆಳಕು 60 ಗಂಟೆಯಲ್ಲಿ, ಅಂದರೆ ಏಳೂವರೆ ದಿನದಲ್ಲಿ ಬಿದ್ದುಹೋಗುತ್ತದೆ. ಮಾಸಿದ ಬಣ್ಣವನ್ನು ಯಾವ ತಜ್ಞರೂ ಮರಳಿ ತರಲಾರರು. ಲಕ್ಸ್ ಮೀಟರನ್ನು ಎರಡು ಮೂರು ಸಾವಿರ ರೂಪಾಯಿಗೆ ಕೊಳ್ಳಬಹುದು. ಅದೊಂದು ಕೈಯಲ್ಲಿದ್ದರೆ ಕಿಟಕಿಗೆ ಯಾವ ಪರದೆ ಬೇಕು ಎಂಬ ಚರ್ಚೆ ಐದು ನಿಮಿಷದಲ್ಲಿ ಮುಗಿಯುತ್ತದೆ.

ಕಡಿಮೆ ಬೆಳಕಿಟ್ಟರೆ ಜನ ಬೇಸರಪಡುತ್ತಾರೆ ಎಂಬ ಉತ್ತರ ಕೇಳಿಬರುತ್ತದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ಎಸ್.ಎಲ್. ಹಲ್ದಣ್ಕರ್ ಅವರ ದೀಪ ಹಿಡಿದ ಹೆಂಗಸಿನ ಚಿತ್ರವನ್ನು ನೆನೆಸಿಕೊಳ್ಳಿ. ಅದೊಂದು ಜಲವರ್ಣ. ಅದಕ್ಕೆಂದೇ ಕತ್ತಲು ಮಾಡಿದ ಕೋಣೆಯಲ್ಲಿ ಆ ಚಿತ್ರವನ್ನು ಜನ ತಲೆಮಾರುಗಳಿಂದ ಮುಗಿಬಿದ್ದು ನೋಡುತ್ತಾ ಬಂದಿದ್ದಾರೆ. ಬೆರಳ ಸಂದಿನಿಂದ ದೀಪದ ಕೆಂಪು ಸೋಸಿಬರುವುದು ಅಲ್ಲಿ ಎಲ್ಲರಿಗೂ ಕಾಣುತ್ತದೆ, ಚಿತ್ರಕಲೆಯ ಗಂಧಗಾಳಿ ಇಲ್ಲದವರಿಗೂ. ಕೋಣೆ ತಂಪುಗತ್ತಲಾದರೆ ಕಣ್ಣು ಕೆಲವು ನಿಮಿಷಗಳಲ್ಲಿ ಹೊಂದಿಕೊಳ್ಳುತ್ತದೆ. ಪ್ರಖರ ಬಿಸಿಲಿನ ಹಜಾರದಿಂದ ನೇರವಾಗಿ 50 ಲಕ್ಸಿನ ಕೋಣೆಗೆ ನುಗ್ಗಿಸಿದರೆ ಏನೂ ಕಾಣದು. ನಡುವೆ ಒಂದು ಮಂದ ಬೆಳಕಿನ ಓಣಿ ಬಿಡುವುದು ಇದಕ್ಕಾಗಿ.

ಇನ್ನು ಎ.ಸಿ.ಯ ವಿಷಯ. ಕ್ಯಾನ್ವಾಸು, ಅದರ ಮೇಲಿನ ಅಂಟಿನ ಲೇಪ, ಬಣ್ಣದ ಪದರ ಇವು ಮೂರೂ ಗಾಳಿಯ ತೇವಕ್ಕೆ ಒಂದೊಂದು ರೀತಿಯಲ್ಲಿ ಹಿಗ್ಗಿ ಕುಗ್ಗುತ್ತವೆ. ಮಳೆಗಾಲದಲ್ಲಿ ಶೇ 80ರ ತೇವದಲ್ಲಿದ್ದ ಕೋಣೆಯನ್ನು ಉದ್ಘಾಟನೆಯ ದಿನ ದಿಢೀರನೆ ಒಣಗಿಸಿ, ಸಂಜೆ ಮತ್ತೆ ಮೊದಲಿನ ಸ್ಥಿತಿಗೆ ಬಿಟ್ಟರೆ ಬಣ್ಣದಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ, ನಂತರ ಹಕ್ಕಳೆಯಾಗಿ ಏಳುತ್ತದೆ. ನಿರಂತರವಾಗಿ ನಡೆಸಲಾಗದ ಎ.ಸಿ.ಗಿಂತ ನಿಧಾನವಾಗಿ ತಿರುಗುವ ಫ್ಯಾನು ಮತ್ತು ಗಾಳಿ ಆಡುವ ಮೇಲ್ಗಿಂಡಿ ಎಷ್ಟೋ ಮೇಲು. ತೇವ ಶೇ 45ರಿಂದ 60ರ ಒಳಗಿದ್ದು ದಿನವೊಂದರಲ್ಲಿ ಐದಕ್ಕಿಂತ ಹೆಚ್ಚು ಅಂಕ ಏರಿಳಿಯದಿದ್ದರೆ ಒಳ್ಳೆಯದು. ಶೇ 65 ದಾಟಿ ನಿಂತರೆ ಬೂಷ್ಟು ಹಿಡಿಯುತ್ತದೆ. ಹೊರಗೋಡೆಗೆ ತೂಗಿದ ಚಿತ್ರಗಳ ಹಿಂದಿನ ನಾಲ್ಕು ಮೂಲೆಗೂ ಬೆಂಡಿನ ತುಂಡು ಅಂಟಿಸಿ, ಗೋಡೆಗೂ ಚೌಕಟ್ಟಿಗೂ ಒಂದು ಅಂಗುಲ ಗಾಳಿ ಬಿಡಬೇಕು. ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಮಲೆನಾಡು ಮತ್ತು ಕರಾವಳಿಯಲ್ಲಿ ಇದನ್ನು ಮಾಡದ ಕಡೆ ಕ್ಯಾನ್ವಾಸಿನ ಬೆನ್ನು ಜುಲೈ ಹೊತ್ತಿಗೆ ಕಪ್ಪುಚುಕ್ಕೆಯಿಂದ ತುಂಬಿರುತ್ತದೆ. ಹಳೆಯ ಫೋಟೊಗಳನ್ನು ಮೌಂಟಿಲ್ಲದೆ, ಅಂದರೆ ಸುತ್ತ ದಪ್ಪ ರಟ್ಟಿನ ಅಂಚು ಕೊಡದೆ, ಗಾಜಿಗೆ ತಾಗಿಸಿ ಕಟ್ಟಿದರೆ ತೇವಕ್ಕೆ ಅದರ ಮೇಲ್ಪದರ ಗಾಜಿಗೇ ಅಂಟಿಕೊಳ್ಳುತ್ತದೆ, ಬಿಡಿಸುವಾಗ ಮುಖವೇ ಕಿತ್ತು ಬರುತ್ತದೆ. ಮೂರು ನಾಲ್ಕು ಮಿಲಿಮೀಟರ್ ದಪ್ಪದ ಮೌಂಟು ಅದನ್ನು ತಪ್ಪಿಸುತ್ತದೆ.

ಈಗ ಬರೆಯುವುದನ್ನು ತಪ್ಪು ತಿಳಿಯಬಾರದೆಂದು ಕೇಳಿಕೊಳ್ಳುತ್ತೇವೆ. ಜಯಂತಿಗಳಂದು ಮಹನೀಯರ ಚಿತ್ರಕ್ಕೆ ಹಾರ ಹಾಕಿ, ಗಂಧ ಕುಂಕುಮ ಇಟ್ಟು, ಊದುಬತ್ತಿ ಬೆಳಗುವುದು ನಮ್ಮೆಲ್ಲರ ಮನೆಯಲ್ಲೂ ಇರುವ ಪದ್ಧತಿ. ಆ ಗೌರವದಲ್ಲಿ ನಾವೂ ಪಾಲುದಾರರು. ಆದರೆ ಅದೇ ಉಪಚಾರ ಮೂಲ ತೈಲಚಿತ್ರಕ್ಕೆ ನಡೆದಾಗ ಆಗುವುದನ್ನು ಹತ್ತಿರದಿಂದ ಕಂಡಿದ್ದೇವೆ. ಕುಂಕುಮದ ಬಣ್ಣ ವಾರ್ನಿಶ್ಶಿನೊಳಗೆ ಇಳಿಯುತ್ತದೆ, ಒರೆಸಿದರೆ ಹಣೆಯ ಮೈಬಣ್ಣವೂ ತೆಳುವಾಗುತ್ತದೆ. ನೀರು ಚಿಮುಕಿಸಿದ ಹೂವಿನ ಹಾರ ಎರಡು ದಿನ ತೂಗಿದರೆ ಚೌಕಟ್ಟಿನ ಚಿನ್ನದ ಲೇಪ ಹೊಪ್ಪಳಿಸುತ್ತದೆ, ಮಕರಂದಕ್ಕೆ ಇರುವೆ ಬರುತ್ತದೆ. ಹಾರ ಸಿಕ್ಕಿಸಲು ಹಳೆಯ ತೇಗದ ಚೌಕಟ್ಟಿಗೆ ಹೊಡೆದ ಮೊಳೆ ಮರವನ್ನು ಸೀಳುತ್ತದೆ. ದೀಪದ ಕಂಬದ ಹೊಗೆ ನೇರವಾಗಿ ಹತ್ತಿರದ ಕ್ಯಾನ್ವಾಸಿಗೆ ಹೋಗಿ ಕೂರುತ್ತದೆ.

ಪರಿಹಾರ ಸರಳ. ಪೂಜೆ ಮತ್ತು ಪುಷ್ಪಾರ್ಚನೆಗೆ ಅದೇ ಚಿತ್ರದ ಒಳ್ಳೆಯ ಮುದ್ರಿತ ಪ್ರತಿಯೊಂದನ್ನು ಪ್ರವೇಶದ ಹಜಾರದಲ್ಲಿ ಪೀಠದ ಮೇಲೆ ಇರಿಸಿ. ದೀಪ ಬೆಳಗುವುದೂ ಅಲ್ಲೇ ಆಗಲಿ. ಮೂಲಚಿತ್ರ ಒಳಗಿರಲಿ, ಅತಿಥಿಗಳು ಕೈಮುಗಿದು ಒಳಗೆ ಬಂದು ನೋಡಲಿ.

ಶುಚಿ ಮಾಡುವ ಬಗ್ಗೆಯೂ ಒಂದು ಮಾತು. ಒದ್ದೆ ಬಟ್ಟೆ, ಆಲೂಗಡ್ಡೆ ಹೋಳು, ಕೊಬ್ಬರಿ ಎಣ್ಣೆ ಯಾವುದೂ ಚಿತ್ರದ ಮೇಲ್ಮೈಗೆ ತಾಗಕೂಡದು. ಎಣ್ಣೆ ಸವರಿದ ದಿನ ಬಣ್ಣ ಎದ್ದು ಕಾಣುತ್ತದೆ, ಮುಂದೆ ಅದೇ ಎಣ್ಣೆ ಧೂಳು ಹಿಡಿದು ಕಂದು ಪೊರೆಯಾಗುತ್ತದೆ. ಬಣ್ಣದ ಪದರ ಗಟ್ಟಿಯಿದೆ ಎಂದು ಖಚಿತವಾದರೆ ಮೃದುವಾದ ಒಣ ಕುಂಚದಿಂದ ಧೂಳು ತೆಗೆಯಬಹುದು, ಅಷ್ಟೇ. ಬಣ್ಣ ಹೊಸದು ಮಾಡಿಸುವುದೆಂದರೆ ಬೋರ್ಡು ಬರೆಯುವವರಿಂದ ಮುಖದ ಮೇಲೆ ಮತ್ತೊಂದು ಮುಖ ಬರೆಸುವುದು ಎಂದು ತಿಳಿದ ಕಡೆಗಳೂ ಇವೆ. ಅಲ್ಲಿ ಆಗಿರುವ ನಷ್ಟವನ್ನು ಅಳೆಯಲು ಆಗುವುದಿಲ್ಲ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಪರಂಪರೆಯನ್ನು ಕಾಪಾಡುವ ಸಂಸ್ಥೆಯಾದ ಇಂಟ್ಯಾಕ್‌ನ ಸಂರಕ್ಷಣಾ ಕೇಂದ್ರವಿದೆ, ಮೈಸೂರಿನಲ್ಲಿ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯವಿದೆ. ಕುಂಚ ಎತ್ತುವ ಮುನ್ನ ಅವರಿಗೊಂದು ಪತ್ರ ಬರೆದು ಸಲಹೆ ಕೇಳಬಹುದು.

ಚಿತ್ರ ಚೆನ್ನಾಗಿ ಕಂಡರೂ ಅದರ ಪಕ್ಕದ ಪಟ್ಟಿ ಮೌನವಾಗಿದ್ದರೆ ನೋಡುಗರು ಮೂರು ಸೆಕೆಂಡಿನಲ್ಲಿ ಮುಂದೆ ಹೋಗುತ್ತಾರೆ. ಬಹಳ ಕಡೆ ಪಟ್ಟಿಯಲ್ಲಿ ಇರುವುದು ಚಿತ್ರದಲ್ಲಿರುವವರ ಹೆಸರು ಮತ್ತು ಬಿರುದು. ಬರೆದವರು ಯಾರು, ಯಾವ ವರ್ಷ, ಯಾವ ಮಾಧ್ಯಮ, ಎಲ್ಲಿಂದ ಬಂತು ಎಂಬುದಿಲ್ಲ. ರವಿವರ್ಮ 1885ರಲ್ಲಿ ಚಾಮರಾಜೇಂದ್ರ ಒಡೆಯರ ಆಹ್ವಾನದ ಮೇಲೆ ಮೈಸೂರಿಗೆ ಬಂದು ರಾಜಮನೆತನದವರ ಚಿತ್ರ ಬರೆದರು ಎಂಬುದು ಎಲ್ಲರಿಗೂ ಗೊತ್ತು. ಆದರೆ ಅರಮನೆಗಳಲ್ಲಿ, ಶಾಲೆ ಕಾಲೇಜುಗಳಲ್ಲಿ ದುಡಿದ ನೂರಾರು ಸ್ಥಳೀಯ ಭಾವಚಿತ್ರಕಾರರ ಹೆಸರು ಪಟ್ಟಿಗೂ ಬಾರದೆ ಅಳಿಸಿಹೋಗುತ್ತಿದೆ. ಸಹಿ ಅನೇಕ ಸಲ ಚೌಕಟ್ಟಿನ ಅಂಚಿನಡಿ ಮುಚ್ಚಿಹೋಗಿರುತ್ತದೆ, ಇಲ್ಲವೇ ಕ್ಯಾನ್ವಾಸಿನ ಬೆನ್ನಿಗೆ ಇರುತ್ತದೆ. ಚೌಕಟ್ಟು ಬಿಚ್ಚುವ ಪ್ರತಿ ಸಂದರ್ಭದಲ್ಲೂ ಮುಂದೆ ಹಿಂದೆ ಫೋಟೊ ತೆಗೆದಿಡಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಯಿರಿ, ಊಹೆಯನ್ನು ಖಚಿತವೆಂಬಂತೆ ಬರೆಯಬೇಡಿ.

ತಪ್ಪು ಗುರುತು ಎಷ್ಟು ಕಾಲ ಉಳಿಯುತ್ತದೆ ಎನ್ನುವುದಕ್ಕೆ ನಮ್ಮದೇ ಉದಾಹರಣೆಯಿದೆ. ಐರಿಷ್ ಚಿತ್ರಕಾರ ಥಾಮಸ್ ಹಿಕ್ಕಿ 1805ರ ಸುಮಾರಿಗೆ ಬರೆದ ಮೂವರು ಹೆಂಗಸರ ಚಿತ್ರವನ್ನು ಬಹುಕಾಲ ನರ್ತಕಿಯರದೆಂದು ತಿಳಿಯಲಾಗಿತ್ತು. ಇತಿಹಾಸಕಾರ ನೈಜೆಲ್ ಚಾನ್ಸಲರ್ ಅದನ್ನು ಮೈಸೂರು ಅರಮನೆಯ ಸ್ತ್ರೀಯರದೆಂದು ಗುರುತಿಸಿದರು. ಬಲಗಡೆಯವರು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ, ಸೆರಗು ಸರಿಸಿ ತೋರಿಸುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ತೋಳನ್ನು ಎಂಬುದು ಅವರ ವಾದ. ಒಪ್ಪದವರೂ ಇದ್ದಾರೆ. ಇರಲಿ. ಒಂದು ಸೆರಗಿನ ಮಡಿಕೆಯಿಂದ ಮೈಸೂರಿನ ಆರೋಗ್ಯ ಚರಿತ್ರೆಯ ಒಂದು ಅಧ್ಯಾಯವೇ ತೆರೆದುಕೊಂಡಿತಲ್ಲ, ನಮ್ಮ ಗೋಡೆಗಳ ಮೇಲಿರುವ ಎಷ್ಟು ಚಿತ್ರಗಳನ್ನು ಯಾರಾದರೂ ಹಾಗೆ ಓದಿದ್ದಾರೆ? ಪಟ್ಟಿಯಲ್ಲಿ ಅಂಥ ಒಂದು ವಿವರಕ್ಕೆ ಕಣ್ಣು ಹಾಯಿಸುವಂತೆ ಎರಡು ಸಾಲಿದ್ದರೆ ನೋಡುಗರು ನಿಲ್ಲುತ್ತಾರೆ.

ಪಟ್ಟಿ ಮೊದಲು ಕನ್ನಡದಲ್ಲಿರಲಿ, 60 ಪದ ಮೀರದಿರಲಿ. ಕನ್ನಡಕ್ಕೆ ಒತ್ತಕ್ಷರಗಳಿವೆ. ಇಂಗ್ಲಿಷಿನ ಅಳತೆಯಲ್ಲೇ ಸಾಲುಗಳ ನಡುವಿನ ಅಂತರ ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಹಿರಿಯರಿಗೆ ಓದಲಾಗುವುದಿಲ್ಲ. 20 ಪಾಯಿಂಟಿಗಿಂತ ಸಣ್ಣ ಅಕ್ಷರ ಬೇಡ, ಹೊಳೆಯುವ ಲ್ಯಾಮಿನೇಶನ್ ಬೇಡ. ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದನ್ನು ಯೂನಿಕೋಡಿಗೆ ಬದಲಿಸುವಾಗ ಅರ್ಕಾವತ್ತು ಮತ್ತು ಒತ್ತುಗಳು ಸ್ಥಳಾಂತರವಾಗುತ್ತವೆ. ಅಚ್ಚಿಗೆ ಹೋಗುವ ಮುನ್ನ ಕನ್ನಡ ಬಲ್ಲ ಒಬ್ಬರು ಕಾಗದದ ಮೇಲೆ ಕರಡು ತಿದ್ದಲೇಬೇಕು. ಪಟ್ಟಿಯ ಎತ್ತರ ನೆಲದಿಂದ ನಾಲ್ಕು, ನಾಲ್ಕೂವರೆ ಅಡಿಯಲ್ಲಿದ್ದರೆ ಗಾಲಿಕುರ್ಚಿಯಲ್ಲಿ ಬರುವವರೂ ಮಕ್ಕಳೂ ಓದಬಲ್ಲರು. ಗಾಲಿಕುರ್ಚಿಗೆ ಓಡಾಡಲು ಕನಿಷ್ಠ 1.2 ಮೀಟರ್, ತಿರುಗಲು 1.5 ಮೀಟರ್ ಜಾಗ ಬೇಕು. ಉದ್ಘಾಟನೆಯ ಹೂಕುಂಡಗಳು ತಿಂಗಳಾದರೂ ಅಲ್ಲೇ ನಿಂತು ಆ ಜಾಗವನ್ನು ತಿನ್ನುತ್ತಿರುತ್ತವೆ.

ಶಾಲಾ ಮಕ್ಕಳ ಭೇಟಿಯ ಬಗ್ಗೆ ನಮಗೆ ಎಲ್ಲಕ್ಕಿಂತ ಹೆಚ್ಚು ನೋವಿದೆ. ಎರಡು ಬಸ್ಸಿನಲ್ಲಿ ಬಂದ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ‘ಮುಟ್ಟಬೇಡಿ, ಮಾತಾಡಬೇಡಿ, ಬೇಗ ನಡೀರಿ’ ಎನ್ನುತ್ತಾ ಹದಿನೈದು ನಿಮಿಷದಲ್ಲಿ ಹೊರಗೆ ಕಳಿಸಲಾಗುತ್ತದೆ. ಅವರಿಗೆ ನೆನಪುಳಿಯುವುದು ಗದರಿಕೆ ಮಾತ್ರ. 60 ಮಕ್ಕಳು ಬಂದರೆ 15ರಂತೆ ನಾಲ್ಕು ಗುಂಪು ಮಾಡಿ. ಒಂದು ಗುಂಪು ಮೂರೇ ಚಿತ್ರ ನೋಡಲಿ, ಒಂದೊಂದರ ಮುಂದೆ ಹನ್ನೆರಡು ನಿಮಿಷ ನೆಲದ ಮೇಲೆ ಕೂರಲಿ. ಉಳಿದ ಗುಂಪುಗಳು ಅಂಗಳದಲ್ಲೋ ಬೇರೆ ಕೋಣೆಯಲ್ಲೋ ಚಿತ್ರ ಬರೆಯುತ್ತಿರಲಿ. ‘ಇವರು ಯಾರು, ಹೇಳಿ ನೋಡೋಣ’ ಎಂದು ಶುರುಮಾಡಿದರೆ ಗೊತ್ತಿಲ್ಲದ ಮಕ್ಕಳು ಅಲ್ಲಿಗೇ ಮುದುಡಿಕೊಳ್ಳುತ್ತಾರೆ. ಬೆಳಕು ಯಾವ ಕಡೆಯಿಂದ ಬರುತ್ತಿದೆ, ಕೈ ಏನು ಮಾಡುತ್ತಿದೆ, ಮೈಮೇಲಿನ ಬಟ್ಟೆ ರೇಷ್ಮೆಯೋ ಹತ್ತಿಯೋ, ಅದು ಹೇಗೆ ತಿಳಿಯಿತು ಎಂದು ಕೇಳಿ. ಉತ್ತರ ಚಿತ್ರದಲ್ಲೇ ಇರುವ ಪ್ರಶ್ನೆಗಳಿವು. ಕೈಗೆ ಒಂದು ರಟ್ಟು, ಒಂದು ಹಾಳೆ, 2ಬಿ ಪೆನ್ಸಿಲ್ ಕೊಟ್ಟರೆ ಸಾಕು. ಪೆನ್ನು ಮತ್ತು ನೀರಿನ ಬಾಟಲಿ ಬಾಗಿಲ ಬಳಿ ಉಳಿಯಲಿ.

ದೊಡ್ಡವರಿಗಾಗಿ ತಿಂಗಳಿಗೊಮ್ಮೆ ಎದುರು ಕೂರಿಸಿ ಭಾವಚಿತ್ರ ಬರೆಯುವ ಪ್ರಾತ್ಯಕ್ಷಿಕೆ ಇಡಬಹುದು. ಒಂದೂವರೆ ಅಡಿ ಎತ್ತರದ ಒಂದು ಮಣೆಗಟ್ಟೆ, ಕುರ್ಚಿ, ಓರೆಯಿಂದ ಬೀಳುವ ಒಂದೇ ದೀಪ ಇಷ್ಟು ಸಲಕರಣೆ. ಕೂರುವವರಿಗೆ ಪ್ರತಿ 20 ನಿಮಿಷಕ್ಕೆ 5 ನಿಮಿಷ ಬಿಡುವು, ಮತ್ತೆ ಅದೇ ಭಂಗಿಗೆ ಮರಳಲು ಪಾದ ಮತ್ತು ಮೊಣಕೈ ಇದ್ದ ಜಾಗಕ್ಕೆ ಟೇಪಿನ ಗುರುತು. 25 ಜನಕ್ಕಿಂತ ಹೆಚ್ಚಾದರೆ ಹಿಂದಿನವರಿಗೆ ಕಾಣುವುದಿಲ್ಲ. ಟರ್ಪೆಂಟೈನ್ ಬಳಸುವ ಕೆಲಸ ಸಂಗ್ರಹವಿರುವ ಸಭಾಂಗಣದಲ್ಲಿ ಬೇಡ, ಕಿಟಕಿ ತೆರೆದ ಬೇರೆ ಕೋಣೆಯಲ್ಲಿರಲಿ. ಕೂರುವವರಿಗೂ ಬರೆಯುವವರಿಗೂ ಸಂಭಾವನೆ ಕೊಡಬೇಕು. ಶಾಲು ಅದಕ್ಕೆ ಬದಲಿಯಾಗದು.

ಗೋಡೆಗಳ ಮೇಲೆ ಯಾರಿದ್ದಾರೆ ಎಂಬ ಪ್ರಶ್ನೆಯನ್ನೂ ಎತ್ತಬೇಕಾಗಿದೆ. ಅರಸರು, ದಿವಾನರು, ಅಧ್ಯಕ್ಷರು, ಕುಲಪತಿಗಳು. ಬಹುತೇಕ ಎಲ್ಲರೂ ಗಂಡಸರು. ಲಂಡನ್ನಿನ ರಾಷ್ಟ್ರೀಯ ಭಾವಚಿತ್ರ ಗ್ಯಾಲರಿ 1856ರಲ್ಲಿ ಸ್ಥಾಪನೆಯಾದಾಗ ಚಿತ್ರದ ಕಲಾಗುಣಕ್ಕಿಂತ ಚಿತ್ರದಲ್ಲಿರುವವರ ಚಾರಿತ್ರಿಕ ಮಹತ್ವವನ್ನೇ ಮಾನದಂಡ ಮಾಡಿಕೊಂಡಿತ್ತು. ಮಹತ್ವ ಯಾರದು ಎಂಬ ಎಣಿಕೆ ಅಲ್ಲೂ ಬಹುಕಾಲ ಏಕಪಕ್ಷೀಯವಾಗಿತ್ತು. ಮೂರು ವರ್ಷ ಮುಚ್ಚಿ 2023ರಲ್ಲಿ ಮತ್ತೆ ತೆರೆದಾಗ ಮುಂಬಾಗಿಲಿಗೇ ಕಲಾವಿದೆ ಟ್ರೇಸಿ ಎಮಿನ್ ರಚಿಸಿದ 45 ಸ್ತ್ರೀಮುಖಗಳ ಕಂಚಿನ ಫಲಕಗಳನ್ನು ಕೂಡಿಸಿದರು. ಆಸ್ಟ್ರೇಲಿಯದಲ್ಲಿ 1921ರಿಂದ ನಡೆಯುತ್ತಿರುವ ಆರ್ಚಿಬಾಲ್ಡ್ ಭಾವಚಿತ್ರ ಪ್ರಶಸ್ತಿಯ ಜೊತೆಗೆ ಚಿತ್ರಗಳ ಪೊಟ್ಟಣ ಬಿಚ್ಚಿ ಗೋಡೆಗೆ ಏರಿಸುವ ಸಿಬ್ಬಂದಿಯೇ ಆರಿಸುವ ಬಹುಮಾನವಿದೆ, ನೋಡುಗರು ಮತ ಹಾಕಿ ಆರಿಸುವುದೂ ಇದೆ. ಇಂಥವನ್ನು ನಮ್ಮಲ್ಲಿ ಶುರುಮಾಡಲು ದೊಡ್ಡ ಹಣವೇನೂ ಬೇಕಿಲ್ಲ. ದಾದಿಯರು, ರಂಗಕಲಾವಿದೆಯರು, ನೇಕಾರರು, ಪೌರಕಾರ್ಮಿಕರ ಭಾವಚಿತ್ರಗಳಿಗೆ ವರ್ಷಕ್ಕೊಂದು ಪ್ರದರ್ಶನ ಮೀಸಲಿಡಬಹುದು. ಮನೆಮನೆಯಲ್ಲಿರುವ ಹಳೆಯ ಸ್ಟುಡಿಯೊ ಫೋಟೊಗಳನ್ನು ತರಿಸಿ, ಎದುರಿಗೇ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಮೂಲವನ್ನು ಅಂದೇ ವಾಪಸು ಕೊಡುವ ಒಂದು ದಿನ ಇಡಬಹುದು. ಹೆಸರು ಊರು ಬರೆಯುವುದಿದ್ದರೆ ಹಿಂಬದಿಯ ಅಂಚಿನಲ್ಲಿ ಮೆತ್ತನೆ ಪೆನ್ಸಿಲಿನಿಂದ ಬರೆಯಬೇಕು; ಬಾಲ್‌ಪೆನ್ನಿನಿಂದ ಬರೆದರೆ ಮುಖದ ಮೇಲೆ ಗೀರು ಮೂಡುತ್ತದೆ.

ಕೃತಿಗಳನ್ನು ಆಹ್ವಾನಿಸಿ ನಡೆಸುವ ಪ್ರದರ್ಶನಗಳಲ್ಲಿ ಕಲಾವಿದರಿಗೆ ಆಗುವ ಹಾನಿಯೂ ಸಣ್ಣದಲ್ಲ. ಕೃತಿ ಒಪ್ಪಿಸಿಕೊಂಡಾಗ ನಾಲ್ಕು ಮೂಲೆ, ಮುಖ, ಬೆನ್ನು ಇವುಗಳ ಫೋಟೊ ಸಹಿತ ಸ್ಥಿತಿಯ ವರದಿ ಬರೆದು ಇಬ್ಬರೂ ಸಹಿ ಹಾಕದಿದ್ದರೆ, ವಾಪಸು ಬರುವಾಗ ಕಂಡ ಗೀರಿಗೆ ಯಾರೂ ಹೊಣೆಯಾಗುವುದಿಲ್ಲ. ಹೊಸ ಎಣ್ಣೆಬಣ್ಣಕ್ಕೆ ಬಬಲ್ ಶೀಟನ್ನು ನೇರವಾಗಿ ಸುತ್ತಿದರೆ ಲಾರಿಯ ಬಿಸಿಗೆ ಗುಳ್ಳೆಗಳ ಅಚ್ಚು ಕೆನ್ನೆಯ ಮೇಲೆ ಮೂಡುತ್ತದೆ. ಮೂಲೆಗಳಿಗೆ ದಿಂಬು ಕೊಟ್ಟು, ಮೇಲ್ಮೈಗೆ ಏನೂ ತಾಗದಂತೆ ಪೆಟ್ಟಿಗೆಯಲ್ಲಿಟ್ಟೇ ಕಳಿಸಬೇಕು. ಗೋಡೆಯಿಂದ ಗೋಡೆಗೆ, ಅಂದರೆ ಕೃತಿ ಕಲಾವಿದರ ಗೋಡೆಯಿಂದ ಇಳಿದಾಗಿನಿಂದ ಮತ್ತೆ ಅಲ್ಲಿಗೇ ಮರಳುವವರೆಗೆ, ವಿಮೆ ಇರಬೇಕು.

ಆದ್ದರಿಂದ ನಮ್ಮ ಬೇಡಿಕೆಗಳನ್ನು ಸ್ಪಷ್ಟವಾಗಿ ಮುಂದಿಡುತ್ತೇವೆ. ಪ್ರತಿ ಪ್ರದರ್ಶನದ ಅಂದಾಜು ಪಟ್ಟಿಯಲ್ಲಿ ಬೆಳಕು, ಕನ್ನಡ ಪಟ್ಟಿ, ಸಂರಕ್ಷಣೆ ಮತ್ತು ಸಾರ್ವಜನಿಕ ಕಾರ್ಯಕ್ರಮಗಳಿಗೆ ಪ್ರತ್ಯೇಕ ಬಾಬ್ತು ಇರಲಿ, ಅದು ಉದ್ಘಾಟನೆಯ ವೆಚ್ಚಕ್ಕಿಂತ ಕಡಿಮೆಯಾಗದಿರಲಿ. ಉದ್ಘಾಟನೆಯನ್ನು ಹಜಾರಕ್ಕೆ ಸರಿಸಿ. ವಾರದಲ್ಲಿ ಒಂದು ದಿನವಾದರೂ ಸಂಜೆ ಎಂಟರವರೆಗೆ ಬಾಗಿಲು ತೆರೆದಿಡಿ. ಹತ್ತರಿಂದ ಐದರವರೆಗೆ ದುಡಿಯುವವರು ಈಗಿನ ವೇಳೆಯಲ್ಲಿ ಬರಲಾರರು. ಸಭಾಂಗಣದಲ್ಲಿ ದಿನವಿಡೀ ನಿಲ್ಲುವ ಕಾವಲು ಸಿಬ್ಬಂದಿಗೆ ಕೂರಲು ಒಂದು ಸ್ಟೂಲು ಕೊಡಿ, ಚಿತ್ರಗಳ ಬಗ್ಗೆ ತರಬೇತಿ ಕೊಡಿ. ನೋಡುಗರು ಮೊದಲು ಪ್ರಶ್ನೆ ಕೇಳುವುದು ಅವರನ್ನೇ. ಸಂಗ್ರಹದಲ್ಲಿ ಏನಿದೆ, ಯಾವ ಸ್ಥಿತಿಯಲ್ಲಿದೆ ಎಂಬ ಪಟ್ಟಿಯನ್ನು ಸಾರ್ವಜನಿಕರಿಗೆ ಸಿಗುವಂತೆ ಪ್ರಕಟಿಸಿ.

ಮುಂದಿನ ಪ್ರದರ್ಶನದ ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಒಂದು ಸಭೆ ಕರೆಯಿರಿ. ಅದರಲ್ಲಿ ನಿಮ್ಮ ಎಲೆಕ್ಟ್ರಿಷಿಯನ್, ಚೌಕಟ್ಟು ಕಟ್ಟುವವರು, ಹತ್ತಿರದ ಸರ್ಕಾರಿ ಶಾಲೆಯ ಚಿತ್ರಕಲಾ ಶಿಕ್ಷಕರು ಮತ್ತು ಸಂರಕ್ಷಣಾ ತಜ್ಞರೊಬ್ಬರು ಇರಲಿ. ನಮ್ಮಲ್ಲಿ ಯಾರನ್ನು ಕರೆದರೂ ಲಕ್ಸ್ ಮೀಟರ್ ಹಿಡಿದು ಬರುತ್ತೇವೆ, ಅದಕ್ಕೆ ಗೌರವಧನ ಬೇಕಿಲ್ಲ. ನಿಮ್ಮ ಉತ್ತರ ಲಿಖಿತವಾಗಿ, ಗ್ಯಾಲರಿಯ ಸೂಚನಾ ಫಲಕದ ಮೇಲೆ ಎಲ್ಲರಿಗೂ ಕಾಣುವಂತೆ ಬರಲಿ ಎಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಭಾವಚಿತ್ರ ಕಲಾವಿದರು, ಚೌಕಟ್ಟು ಕೆಲಸಗಾರರು ಮತ್ತು ಚಿತ್ರಕಲಾ ಶಿಕ್ಷಕರು